ಬೆಲೆಯೂ ಬಲ, ಬಿಲ್ಲೂ ಬಲ: ಹಳೇ ಲ್ಯಾಪ್‌ಟಾಪಿನಲ್ಲಿ ಮೂರು ಟರ್ಮಿನಲ್

ಆಜ್ಞೆ ಟೈಪ್ ಮಾಡಿ ಕಂಪ್ಯೂಟರಿಗೆ ಕೆಲಸ ಹೇಳುವ ಕಿಟಕಿಗೆ ಟರ್ಮಿನಲ್ ಅನ್ನುತ್ತಾರೆ. ಲಿನಕ್ಸ್‌ನಲ್ಲಿ ಅಂಥ ಮೂರನ್ನು ಹೋಲಿಸಿದ ಕಥೆ ಇದು. ಮೊದಲೇ ಹೇಳಿಬಿಡುತ್ತೇನೆ, ನಾನು ಉಳಿಸಿಕೊಂಡಿದ್ದು ಯುಆರ್‌ಎಕ್ಸ್‌ವಿಟಿ. ಪೂರ್ತಿ ಹೆಸರು ಆರ್‌ಎಕ್ಸ್‌ವಿಟಿ ಯುನಿಕೋಡ್. ಇದರ ಜೊತೆ ಪೈಪೋಟಿಗೆ ಇಳಿದದ್ದು ಸಕ್‌ಲೆಸ್ ಅನ್ನುವ ತಂಡದವರ ಎಸ್‌ಟಿ ಮತ್ತು ಎಕ್ಸ್‌ಎಫ್‌ಸಿಇ ಅನ್ನುವ ಲಿನಕ್ಸ್ ಡೆಸ್ಕ್‌ಟಾಪ್ ಜೊತೆಗೇ ಬರುವ ಟರ್ಮಿನಲ್. ಮೂರನ್ನೂ ಅಂಗಡಿಯಲ್ಲಿ ದಿನಾ ಬಳಸಿ ನೋಡಿದ್ದೇನೆ.

ಮಂಡ್ಯದ ಗುತ್ತಲು ರಸ್ತೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಆಲೆಮನೆಯವರ ಬಿಲ್ ಪುಸ್ತಕ, ಇಂಥವೇ. ಡಿಸೈನ್ ಮಾಡುವ ಕಂಪ್ಯೂಟರ್ ಬೇರೆ, ಅದರಲ್ಲಿ ವಿಂಡೋಸು, ನುಡಿ, ಕೋರೆಲ್‌ಡ್ರಾ. ಲೆಕ್ಕಪತ್ರ, ಹಳೇ ಫೈಲು ಹುಡುಕುವುದು, ರಾತ್ರಿ ಬ್ಯಾಕಪ್ ತೆಗೆಯುವುದು ಎಲ್ಲಾ ಲಿನಕ್ಸ್ ಇರುವ ಒಂದು ಹಳೇ ಲ್ಯಾಪ್‌ಟಾಪಿನಲ್ಲಿ. ಅದನ್ನು ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ, 11,000 ರೂಪಾಯಿ. ಇರುವುದು 4 ಜಿಬಿ ರ‍್ಯಾಮು, ಆಮೇಲೆ 8 ಮಾಡಿಕೊಳ್ಳಬಹುದು ಅಂತ ಅಂಗಡಿಯವನು ಹೇಳಿದ. ನಾನೂ ನಂಬಿ ಇನ್ನೊಂದು 4 ಜಿಬಿ ಕಡ್ಡಿ ಕೊಂಡು ತಂದು ಹಾಕಿದರೆ ಎರಡನೇ ಸ್ಲಾಟು ಸತ್ತಿದೆ. ವಾಪಸ್ ಹೋಗಿ ಕೇಳಿದ್ದಕ್ಕೆ, ತಗೊಂಡು ಹೋಗುವಾಗ ಸರಿಯಾಗಿತ್ತಲ್ಲ ಸಾರ್ ಅಂದ. ಆ ಕಡ್ಡಿ ಈಗಲೂ ಮೇಜಿನ ಡ್ರಾಯರಿನಲ್ಲಿದೆ, ಯಾರಿಗಾದರೂ ಬೇಕಿದ್ದರೆ ಹೇಳಿ.

ಹಾಗಾಗಿ ಇರುವ 4 ಜಿಬಿಯಲ್ಲೇ ಸಂಸಾರ. ಬ್ರೌಸರ್ ಒಂದೇ ಅರ್ಧ ತಿನ್ನುತ್ತದೆ, ಉಳಿದದ್ದರಲ್ಲಿ ಎಷ್ಟು ಉಳಿಸಿದರೆ ಅಷ್ಟು. ಟರ್ಮಿನಲ್ ಹಗುರವಾಗಿರಬೇಕು ಅನ್ನುವ ಹಟ ಬಂದದ್ದು ಹೀಗೆ. ಸುಮ್ನೆ ಶೋಕಿಗಲ್ಲ.

ಕಿಟ್ಟಿ, ಅಲಾಕ್ರಿಟಿ ಅನ್ನುವ ಬೇರೆ ಟರ್ಮಿನಲ್‌ಗಳನ್ನು ಹಾಕಿ ಅಂತೆಲ್ಲ ಹೇಳುವವರಿದ್ದಾರೆ. ಕಿಟ್ಟಿ ಬರೆದದ್ದು ಇ-ಪುಸ್ತಕದ ಪ್ರೋಗ್ರಾಮು ಕ್ಯಾಲಿಬರ್ ಖ್ಯಾತಿಯ ಕೋವಿದ್ ಗೋಯಲ್, ಒಳ್ಳೇ ಕೆಲಸ. ಆದರೆ ಎರಡಕ್ಕೂ ಗ್ರಾಫಿಕ್ಸಿನ ನೆರವು ಪಡೆಯುವ ಓಪನ್‌ಜಿಎಲ್ ಬೇಕು, ನನ್ನ ಲ್ಯಾಪ್‌ಟಾಪಿನ ಗ್ರಾಫಿಕ್ಸು ಅಜ್ಜನ ಕಾಲದ್ದು. ಫುಟ್ ಅನ್ನುವ ಇನ್ನೊಂದು ಟರ್ಮಿನಲ್ ಹಗುರವಂತೆ, ಆದರೆ ಅದು ವೇಲ್ಯಾಂಡಿನಲ್ಲಿ ಮಾತ್ರ ಓಡುತ್ತದೆ, ನನ್ನದು ಎಕ್ಸ್11. ಪರದೆಯ ಮೇಲೆ ಕಿಟಕಿ ತೋರಿಸಲು ಲಿನಕ್ಸ್‌ನಲ್ಲಿರುವ ಎರಡು ಬೇರೆ ಬೇರೆ ವ್ಯವಸ್ಥೆ ಇವು. ಅಲ್ಲಿಗೆ ಆ ಮಾತು ಮುಗೀತು.

ಮೊದಲು ಎಸ್‌ಟಿ ಕಥೆ. ಇದನ್ನೇ ಇಟ್ಟುಕೊಳ್ಳಬೇಕು ಅಂತ ಆಸೆಯಿಂದ ಹಾಕಿದ್ದು. ಪುಟ್ಟ ಪ್ರೋಗ್ರಾಮು, ಸೆಟ್ಟಿಂಗ್ ಫೈಲು ಅಂತ ಬೇರೆ ಇಲ್ಲ, ಬಣ್ಣ ಬದಲಿಸಬೇಕು ಅಂದರೂ ಸಿ ಭಾಷೆಯ ಕಾನ್ಫಿಗ್ ಹೆಡರ್ ಫೈಲನ್ನು ತಿದ್ದಿ ಮತ್ತೆ ಕಂಪೈಲ್ ಮಾಡಬೇಕು, ಅಂದರೆ ಪ್ರೋಗ್ರಾಮನ್ನೇ ಹೊಸದಾಗಿ ಕಟ್ಟಬೇಕು. ಕೇಳಿದರೆ ಭಯ, ಮಾಡಿದರೆ ಕೆಲವೇ ಸೆಕೆಂಡು. ನಂಗೆ ಟ್ಯೂಬ್‌ಲೈಟ್ ಬೆಳಕಲ್ಲಿ ಕಪ್ಪು ಪರದೆ ಆಗುವುದಿಲ್ಲ, ನನ್ನ ಮುಖವೇ ಕಾಣುತ್ತದೆ. ಅದಕ್ಕೆ ಹಿನ್ನೆಲೆ ಕೆನೆ ಬಣ್ಣ, ಅಕ್ಷರ ಕಪ್ಪು ಮಾಡಿಕೊಂಡೆ. ಮೇಲಕ್ಕೆ ಸ್ಕ್ರಾಲ್ ಮಾಡಿ ಹಳೇ ಸಾಲು ನೋಡುವ ಸೌಲಭ್ಯ ಕೂಡ ಇದರಲ್ಲಿ ಹುಟ್ಟುತ್ತಲೇ ಇರುವುದಿಲ್ಲ, ಪ್ಯಾಚ್ ಅಂದರೆ ಕೋಡಿಗೆ ಬೇರೆಯವರು ಬರೆದ ತೇಪೆ ಹಾಕಬೇಕು. ಮೊದಲ ಪ್ಯಾಚ್ ಚೆನ್ನಾಗಿ ಕೂತಿತು. ಎರಡನೆಯದು ಮೊದಲನೆಯದರ ಜೊತೆ ಜಗಳವಾಡಿತು, ಕೈಯಿಂದ ಕೂಡಿಸಿದೆ. ಅಲ್ಲಿಯವರೆಗೂ ಖುಷಿಯೇ.

ಆಮೇಲೆ ಒಂದು ದಿನ ದರಗಳ ಫೋಲ್ಡರ್ ತೆಗೆದೆ. ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆ ಕೊಟ್ಟರೆ ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲು. ಎರಡೂ "ಬಲ", ಪಕ್ಕದಲ್ಲಿ ಚುಕ್ಕಿ ಮತ್ತು ಟಿಎಕ್ಸ್‌ಟಿ. ಟೈಪಿಂಗ್ ಮಾಡುವ ಹುಡುಗಿ ಹಿಂದಿನಿಂದ ಬಗ್ಗಿ ನೋಡಿ, "ಅಣ್ಣ, ಇದ್ಯಾವ್ದು ಬಲ? ಭೀಮನ್ದಾ?" ಅಂದಳು. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೈಲು ಇರಲು ಸಾಧ್ಯವೇ ಇಲ್ಲ ಅಲ್ವಾ. ಡಿಸ್ಕ್ ಕೆಟ್ಟಿತು ಅಂತಲೇ ಅಂದುಕೊಂಡೆ, ಈ ಲ್ಯಾಪ್‌ಟಾಪಿನ ಜಾತಕ ಗೊತ್ತಿರುವುದರಿಂದ.

ಡಿಸ್ಕ್ ಸರಿಯಾಗಿಯೇ ಇತ್ತು. ಒಂದು ಫೈಲು "ಬೆಲೆ", ಇನ್ನೊಂದು "ಬಿಲ್".

ಆಗಿದ್ದು ಏನು ಅಂದರೆ, ಟರ್ಮಿನಲ್ ಅನ್ನುವುದು ಚೌಕುಳಿ ಹಾಳೆಯ ಹಾಗೆ, ಒಂದು ಮನೆಗೆ ಒಂದು ಅಕ್ಷರ. ಯುನಿಕೋಡಿನಲ್ಲಿ ಕನ್ನಡದ ಕೆಲವು ಗುರುತುಗಳಿಗೆ ಸ್ವಂತ ಅಗಲ ಉಂಟು: ದೀರ್ಘದ ಗುರುತು, ಕೊಂಬು, ಐತ್ವ, ಅನುಸ್ವಾರ. ಇನ್ನು ಕೆಲವಕ್ಕೆ ಅಗಲ ಸೊನ್ನೆ: ಗುಡಿಸು ಅಂದರೆ ಇಕಾರ, ಎತ್ವ ಅಂದರೆ ಎಕಾರ, ಮತ್ತೆ ಅರ್ಧಾಕ್ಷರದ ಗುರುತು. ಅಗಲ ಸೊನ್ನೆ ಇರುವುದನ್ನು ಹಿಂದಿನ ಮನೆಯ ಅಕ್ಷರಕ್ಕೆ ಸೇರಿಸಬೇಕು. ಎಸ್‌ಟಿ ಸೇರಿಸುವುದಿಲ್ಲ. ಮುಂದಿನ ಖಾಲಿ ಮನೆಯಲ್ಲಿ ಇಡುತ್ತದೆ, ಆದರೆ ಕರ್ಸರನ್ನು ಮುಂದಕ್ಕೆ ಸರಿಸುವುದಿಲ್ಲ, ಅಗಲ ಸೊನ್ನೆ ಅಲ್ವಾ. ಮುಂದಿನ ಅಕ್ಷರ ಬಂದು ಅದೇ ಮನೆಯಲ್ಲಿ ಅದರ ಮೇಲೇ ಕೂರುತ್ತದೆ. ಗುಡಿಸು ಹೋಯಿತು, ಎತ್ವ ಹೋಯಿತು. ಮಂಡ್ಯ ಹೋಗಿ ಮಂಡಯ ಆಗುತ್ತದೆ. ಮಳವಳ್ಳಿ ಮಳವಳಳ. ನಾಗಮಂಗಲದವರಿಗೆ ಮಾತ್ರ ಏನೂ ತೊಂದರೆ ಇಲ್ಲ, ಅವರ ಊರಿನ ಹೆಸರಲ್ಲಿ ಇಂಥದ್ದು ಒಂದೂ ಇಲ್ಲ.

ಬರೀ ನೋಟದ ಸಮಸ್ಯೆ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನನ್ನ ಅಭ್ಯಾಸ ಏನು ಅಂದರೆ, ಹೆಸರಿನ ಮೇಲೆ ಮೌಸ್‌ನಿಂದ ಎರಡು ಸಲ ಒತ್ತಿ, ಮಧ್ಯದ ಗುಂಡಿಯಿಂದ ಕೆಳಗೆ ಅಂಟಿಸುವುದು. ಪರದೆಯಲ್ಲಿ ಉಳಿದದ್ದೇ "ಬಲ" ಆದ್ದರಿಂದ ಅಂಟುವುದೂ "ಬಲ"ವೇ. ಅಂಥ ಫೈಲು ಇಲ್ಲ ಅನ್ನುತ್ತದೆ. ಇಲ್ಲ ಅಂದದ್ದು ನನ್ನ ಪುಣ್ಯ, ಏಕೆಂದರೆ ಅವತ್ತು ನಾನು ಹಳೇ ಬಿಲ್ ಅಳಿಸಲು ಹೊರಟಿದ್ದೆ. ಹಾಗೇನಾದರೂ "ಬಲ" ಅಂತ ಮೂರನೇ ಫೈಲು ನಿಜವಾಗಿಯೂ ಇದ್ದಿದ್ದರೆ ಅದು ಹೋಗುತ್ತಿತ್ತು. ಅವತ್ತೇ ಎಸ್‌ಟಿ ತೆಗೆದೆ. ಇಂಗ್ಲಿಷ್ ಒಂದೇ ಬಳಸುವವರಿಗೆ ಇದು ಚೆನ್ನಾಗಿಯೇ ಇದೆ, ಇದಕ್ಕಿಂತ ಜಾಸ್ತಿ ಬೈಯುವುದಿಲ್ಲ.

ಎಕ್ಸ್‌ಎಫ್‌ಸಿಇ ಟರ್ಮಿನಲ್ ಈ ವಿಷಯದಲ್ಲಿ ಸಭ್ಯಸ್ಥ. ಬೆಲೆ ಬೆಲೆಯಾಗಿಯೇ, ಬಿಲ್ ಬಿಲ್ಲಾಗಿಯೇ ಕಾಣುತ್ತದೆ. ಒತ್ತಕ್ಷರ ಮಾತ್ರ ಕೂಡುವುದಿಲ್ಲ. ಮದ್ದೂರಿನ ದ ಒತ್ತು ಕೆಳಗೆ ಹೋಗದೆ ಪಕ್ಕದ ಮನೆಯಲ್ಲಿ ಇಡೀ ದ ಆಗಿ ನಿಲ್ಲುತ್ತದೆ, ಮಗು ಒಂದನೇ ಕ್ಲಾಸಿನಲ್ಲಿ ಬಿಡಿಸಿ ಬರೆದ ಹಾಗೆ. ಓದಬಹುದು. ಬಣ್ಣ, ಪಾರದರ್ಶಕ ಹಿನ್ನೆಲೆ, ಮೇಲಿನಿಂದ ಪರದೆಯ ಹಾಗೆ ಇಳಿಯುವ ಕಿಟಕಿ, ಎಲ್ಲಕ್ಕೂ ಮೆನುವಿನಲ್ಲಿ ಗುಂಡಿ ಇದೆ. ಹೊಸದಾಗಿ ಲಿನಕ್ಸ್‌ಗೆ ಬಂದವರಿಗೆ ನಾನು ಇದನ್ನೇ ಹೇಳುವುದು.

ಹಾಗಾದರೆ ಇದು ಯಾಕೆ ಬೇಡ? ಒಂದು, ಇದು ಕಿಟಕಿ, ಮೆನು ಬಿಡಿಸುವ ಜಿಟಿಕೆ ಅನ್ನುವ ಇಡೀ ಗಾಡಿ ಎಳೆದುಕೊಂಡು ಬರುತ್ತದೆ, ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲ ಕಿಟಕಿ ತೆರೆಯುವಾಗ ಗೊತ್ತಾಗುವಷ್ಟು ತಡ. ಎರಡು, ಸೆಟ್ಟಿಂಗ್. ಮನೆಯಲ್ಲೊಂದು ಕಂಪ್ಯೂಟರ್, ಅಂಗಡಿಯಲ್ಲೊಂದು, ಎರಡರಲ್ಲೂ ಒಂದೇ ಥರ ಇರಬೇಕು ನನಗೆ. ಪೆನ್‌ಡ್ರೈವಿನಲ್ಲಿ ಒಂದು ಫೈಲು ಹಾಕಿಕೊಂಡು ಓಡಾಡುವ ಮನುಷ್ಯ ನಾನು. ಈ ಟರ್ಮಿನಲ್‌ನ ಸೆಟ್ಟಿಂಗ್ ಹಿಂದೆಲ್ಲ ಟರ್ಮಿನಲ್ ಆರ್‌ಸಿ ಅನ್ನುವ ಸರಳ ಫೈಲಿನಲ್ಲಿ ಇರುತ್ತಿತ್ತು. 1.1 ಆವೃತ್ತಿಯಿಂದ ಎಕ್ಸ್‌ಎಫ್‌ಸಿಇಯ ಸೆಟ್ಟಿಂಗ್ ಉಗ್ರಾಣವಾದ ಎಕ್ಸ್‌ಎಫ್‌ಕಾನ್ಫ್‌ಗೆ ಹೋಗಿಬಿಟ್ಟಿದೆ. ಹಳೇ ಫೈಲನ್ನು ಮೊದಲ ಸಲ ಮಾತ್ರ ಓದಿಕೊಂಡು ಒಳಗೆ ಹಾಕಿಕೊಳ್ಳುತ್ತದೆ, ಆಮೇಲೆ ನೀವು ಆ ಫೈಲನ್ನು ಎಷ್ಟು ತಿದ್ದಿದರೂ ತಿರುಗಿ ನೋಡುವುದಿಲ್ಲ. ನಾನು ಒಂದು ಸಂಜೆ ಪೂರ್ತಿ ಫಾಂಟಿನ ಅಳತೆ 12, 14, 20 ಅಂತ ಬದಲಿಸುತ್ತಾ ಕೂತಿದ್ದೆ, ಕಿಟಕಿ ಮಿಸುಕಲಿಲ್ಲ. ಕೊನೆಗೆ ತಿಳಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಈಗ ಯುಆರ್‌ಎಕ್ಸ್‌ವಿಟಿ. ಹಾಕಿದ ತಕ್ಷಣ ನೋಡಿದರೆ ಯಾರಿಗೂ ಬೇಕು ಅನ್ನಿಸುವುದಿಲ್ಲ. ಬಿಳಿ ಹಿನ್ನೆಲೆ, ಇರುವೆಯಂಥ ಅಕ್ಷರ, ಎಡಗಡೆ ಸ್ಕ್ರಾಲ್‌ಬಾರ್. ಎಲ್ಲಾ ಅಲಂಕಾರವೂ ಮನೆ ಫೋಲ್ಡರಿನ ಎಕ್ಸ್‌ರಿಸೋರ್ಸಸ್ ಫೈಲಿನಲ್ಲಿ, ಒಂದು ಸಾಲಿಗೆ ಒಂದು ವಿಷಯ. ಟಿಪ್ಪಣಿ ಬರೆಯಲು ಹ್ಯಾಶ್ ಅಲ್ಲ, ಆಶ್ಚರ್ಯಸೂಚಕ ಚಿಹ್ನೆ. ತಿದ್ದಿದ ಮೇಲೆ ಅದನ್ನು ಮತ್ತೆ ಓದಿಸಲು ಎಕ್ಸ್‌ಆರ್‌ಡಿಬಿ ಮರ್ಜ್ ಅನ್ನುವ ಆಜ್ಞೆ ಕೊಡಬೇಕು, ತೆರೆದಿರುವ ಕಿಟಕಿ ಬದಲಾಗುವುದಿಲ್ಲ, ಹೊಸದು ತೆರೆಯಬೇಕು. ಕೆನೆ ಹಿನ್ನೆಲೆ, ಸ್ಕ್ರಾಲ್‌ಬಾರ್ ಬಂದ್, ಒಳಅಂಚು 8 ಪಿಕ್ಸೆಲ್, ಹಿಂದಿನ ಸಾಲುಗಳು 5000. ಇಷ್ಟೇ ನನ್ನ ಫೈಲು.

ಎರಡು ಕಿರಿಕಿರಿ ಮೊದಲೇ ಹೇಳಿಬಿಡುತ್ತೇನೆ. ಕಂಟ್ರೋಲ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಮೂಲೆಯಲ್ಲಿ ಐಎಸ್‌ಒ 14755 ಅಂತ, ಅಕ್ಷರವನ್ನು ಅದರ ಸಂಖ್ಯೆಯಿಂದ ಟೈಪ್ ಮಾಡಲು ಒಂದು ಡಬ್ಬಿ ಏಳುತ್ತದೆ, ಯಾರಿಗೂ ಬೇಡದ ಅತಿಥಿ. ಅದೇ ಹೆಸರಿನ ಸೆಟ್ಟಿಂಗಿಗೆ ಫಾಲ್ಸ್ ಅಂತ ಬರೆದರೆ ಹೋಗುತ್ತದೆ. ಕಾಪಿಗೆ ಕಂಟ್ರೋಲ್ ಆಲ್ಟ್ ಸಿ, ಪೇಸ್ಟಿಗೆ ಕಂಟ್ರೋಲ್ ಆಲ್ಟ್ ವಿ. ಬೆರಳಿಗೆ ರೂಢಿಯಾಗಲು ವಾರ ಬೇಕು.

ಕನ್ನಡ? ಮೊದಲ ದಿನ ಅರ್ಧ ಅಕ್ಷರ ಬಂತು, ಅರ್ಧ ಡಬ್ಬಿ. ಗ, ರ ಥರದ ಸಣ್ಣ ಅಕ್ಷರ ಕಂಡವು. ಮ, ಯ ಥರದ ಅಗಲದ ಅಕ್ಷರಗಳ ಜಾಗದಲ್ಲೆಲ್ಲ ಖಾಲಿ ಚೌಕ. ಫಾಂಟ್ ಇಲ್ಲವೇನೋ ಅಂತ ನೋಟೋ ಹಾಕಿದೆ, ಲೋಹಿತ್ ಹಾಕಿದೆ, ಗುಬ್ಬಿ, ನವಿಲು ಹಾಕಿದೆ. ಪಕ್ಷಿಧಾಮವೇ ಆಯಿತು, ಡಬ್ಬಿ ಮಾತ್ರ ಹೋಗಲಿಲ್ಲ. ಆಮೇಲೆ ತಿಳಿದದ್ದು: ಮೊದಲ ಫಾಂಟಿನ ಅಗಲವೇ ಮನೆಯ ಅಗಲ. ಅದಕ್ಕಿಂತ ತೀರಾ ಅಗಲವಾದ ಅಕ್ಷರ ಬಂದರೆ ಯುಆರ್‌ಎಕ್ಸ್‌ವಿಟಿ ಆ ಫಾಂಟನ್ನು ಬಿಟ್ಟು ಮುಂದಿನದನ್ನು ಹುಡುಕುತ್ತದೆ, ಎಲ್ಲೂ ಸಿಗದಿದ್ದರೆ ಡಬ್ಬಿ. ಇಂಗ್ಲಿಷಿನ ಅಳತೆಯಲ್ಲಿ ಕಟ್ಟಿದ ಮನೆಯೊಳಗೆ ನಮ್ಮ ಮ ಹೇಗೆ ಹಿಡಿಯಬೇಕು ಹೇಳಿ.

ಪರಿಹಾರ ಎಂಥಾ ಸುಲಭ ಅಂದರೆ ಹೇಳಲು ನಾಚಿಕೆ. ಫಾಂಟ್ ಸಾಲಿನಲ್ಲಿ ಮೊದಲು ಡೇಜಾವು ಸ್ಯಾನ್ಸ್ ಮೋನೋ 18 ಪಿಕ್ಸೆಲ್, ಕಾಮಾ ಹಾಕಿ ಪಕ್ಕದಲ್ಲಿ ನೋಟೋ ಸ್ಯಾನ್ಸ್ ಕನ್ನಡ 11 ಪಿಕ್ಸೆಲ್. ಕನ್ನಡವನ್ನು ಬೇಕಂತಲೇ ಚಿಕ್ಕದು ಮಾಡಿದರೆ ಮನೆಯೊಳಗೆ ಹಿಡಿಯುತ್ತದೆ. ಎಲ್ಲಾ ಡಬ್ಬಿ ಮಾಯ. ಆದರೆ ಕನ್ನಡ ಮಾತ್ರೆ ಪಟ್ಟಿಯ ಹಿಂದಿನ ಬರಹದಷ್ಟು ಪುಟ್ಟದು, ಒತ್ತಕ್ಷರ ಇಲ್ಲಿಯೂ ಕೂಡುವುದಿಲ್ಲ, ಕೊಂಬು ದೀರ್ಘ ಎಲ್ಲಾ ಬಿಡಿ ಬಿಡಿ. ಅಂದದ ವಿಷಯದಲ್ಲಿ ಎಕ್ಸ್‌ಎಫ್‌ಸಿಇಯದೇ ಮೇಲು, ಒಪ್ಪಿಕೊಳ್ಳುತ್ತೇನೆ. ನನಗೆ ಮುಖ್ಯವಾದದ್ದು ಬೇರೆ. ಒಂದು ಗುರುತೂ ಕಳೆಯುವುದಿಲ್ಲ. ಮೌಸ್‌ನಿಂದ ಎತ್ತಿಕೊಂಡ ಹೆಸರು ಹಾಗೇ ಅಂಟುತ್ತದೆ, ಬಿಲ್ ಬಿಲ್ಲಾಗಿ.

ಹಗುರದ ಗುಟ್ಟು ಇದರ ಡೀಮನ್‌ನಲ್ಲಿದೆ, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಮಿನಲ್ಲಿ. ಲಾಗಿನ್ ಆದಾಗ ಯುಆರ್‌ಎಕ್ಸ್‌ವಿಟಿಡಿ ಒಂದು ಸಲ ಎದ್ದು ಕೂತರೆ, ಆಮೇಲಿನ ಕಿಟಕಿಗಳನ್ನೆಲ್ಲ ಯುಆರ್‌ಎಕ್ಸ್‌ವಿಟಿಸಿ ಅದರ ಹೆಗಲ ಮೇಲೆಯೇ ತೆರೆಯುತ್ತದೆ. ಗುಂಡಿ ಒತ್ತುವಷ್ಟರಲ್ಲಿ ಕಿಟಕಿ. ಅಪಾಯ ಏನಪ್ಪಾ ಅಂದರೆ ಡೀಮನ್ ಬಿದ್ದರೆ ಎಲ್ಲಾ ಕಿಟಕಿಯೂ ಒಟ್ಟಿಗೆ ಹೋಗುತ್ತವೆ, ಒಂದೇ ಕಂಬದ ಚಪ್ಪರ. ಅದಕ್ಕೆ ರಾತ್ರಿ ಬ್ಯಾಕಪ್ಪನ್ನು, ಕಿಟಕಿ ಹೋದರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಟಿಮಕ್ಸ್ ಒಳಗೆ ಓಡಿಸುತ್ತೇನೆ. ಇವತ್ತಿನ ತನಕ ಬಿದ್ದಿಲ್ಲ.

ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರಿಗೆ ಲಾಗಿನ್ ಆಗುವವರಿಗೆ ಒಂದು ಮಾತು. ಎಸ್‌ಟಿ, ಯುಆರ್‌ಎಕ್ಸ್‌ವಿಟಿ ಎರಡೂ ತಮ್ಮದೇ ಹೆಸರು ಹೇಳಿಕೊಳ್ಳುತ್ತವೆ, ಆ ಕಡೆಯ ಸರ್ವರಿಗೆ ಪರಿಚಯ ಇಲ್ಲದಿದ್ದರೆ ಅನ್‌ನೋನ್ ಟರ್ಮಿನಲ್ ಟೈಪ್ ಅನ್ನುತ್ತದೆ. ಇನ್ಫೋಸಿಎಂಪಿ ಅನ್ನುವ ಆಜ್ಞೆ ಕೊಡುವ ಟರ್ಮಿನಲ್ ವಿವರವನ್ನು, ಆ ಕಡೆ ಅದನ್ನು ದಾಖಲಿಸುವ ಟಿಕ್ ಆಜ್ಞೆಗೆ ಕಳಿಸಿದರೆ ಒಂದೇ ಸಲಕ್ಕೆ ಸರಿ. ಎಕ್ಸ್‌ಎಫ್‌ಸಿಇಯದು ಎಲ್ಲಾ ಕಡೆ ಪರಿಚಯವಿರುವ ಹಳೇ ಟರ್ಮಿನಲ್ ಎಕ್ಸ್‌ಟರ್ಮ್ ನಾನೇ ಅಂತ ಸುಳ್ಳು ಹೇಳಿ ಒಳಗೆ ನುಗ್ಗುತ್ತದೆ.

ಒತ್ತಕ್ಷರ ಸರಿಯಾಗಿ ಕೂಡಲೇಬೇಕು ಅನ್ನುವವರು ಎಂಎಲ್‌ಟರ್ಮ್ ಅನ್ನುವ ಟರ್ಮಿನಲ್ ನೋಡಿ. ಹಲವು ಭಾಷೆಗೆ ಅಂತಲೇ ಮಾಡಿದ್ದು. ಅದರಲ್ಲಿ ಒಟಿಎಲ್ ಮತ್ತು ವಾರ್‌ವಿಡ್ತ್ ಅನ್ನುವ ಎರಡು ಆಯ್ಕೆ ಇವೆ: ಮೊದಲನೆಯದು ಓಪನ್‌ಟೈಪ್ ಜೋಡಣೆಗೆ, ಎರಡನೆಯದು ಅಕ್ಷರದ ಅಗಲಕ್ಕೆ ತಕ್ಕ ಹಾಗೆ ಮನೆ ಹಿಗ್ಗಿಸಲು. ನನಗೆ ಅದೇ ಆಗಿಬರಲಿಲ್ಲ. ಮನೆ ಹಿಗ್ಗಿದರೆ ಕಾಲಂ ಕೆಡುತ್ತದೆ, ಎಡಗಡೆ ಕಾಗದದ ಹೆಸರು ಬಲಗಡೆ ರೂಪಾಯಿ ಇರುವ ಪಟ್ಟಿಯಲ್ಲಿ ರೂಪಾಯಿ ಒಂದರ ಕೆಳಗೆ ಒಂದು ಬರುವುದಿಲ್ಲ. ಪದ್ಯ ಓದುವವರಿಗೆ ಚೆನ್ನ, ಲೆಕ್ಕ ನೋಡುವವರಿಗಲ್ಲ.

ಈಗ ಅಂಗಡಿಯಲ್ಲೂ ಮನೆಯಲ್ಲೂ ಯುಆರ್‌ಎಕ್ಸ್‌ವಿಟಿ, ಒಂದೇ ಫೈಲು. ಟೈಪಿಂಗ್ ಹುಡುಗಿ ಮಾತ್ರ ಆ ಇರುವೆ ಅಕ್ಷರ ಕಣ್ಣಿಗೆ ಹಿಡಿಸುವುದಿಲ್ಲ ಅಂತ ಎಕ್ಸ್‌ಎಫ್‌ಸಿಇಯದನ್ನೇ ತೆರೆಯುತ್ತಾಳೆ, ಅವಳ ಇಷ್ಟ. "ಬೆಲೆ" ಫೈಲಿನ ಹೆಸರನ್ನು ಅವಳೇ "ದರ" ಅಂತ ಬದಲಿಸಿದ್ದಾಳೆ. ಗುಡಿಸು ಇಲ್ಲ, ಎತ್ವ ಇಲ್ಲ, ಒತ್ತು ಇಲ್ಲ, ಯಾವ ಟರ್ಮಿನಲ್ ಹಾಕಿದರೂ ದರ ದರವೇ.