ನಕ್ಷತ್ರ ನೋಡುವ ರಾತ್ರಿ ಕೆಂಡವನ್ನು ಒಳಗೆ ಇಟ್ಟುಕೊಳ್ಳಬೇಡಿ

ಡಿಸೆಂಬರ್ ಚಳಿಯಲ್ಲಿ ಬೈನಾಕ್ಯುಲರ್ ಹಿಡಿದು ರಾತ್ರಿಯಿಡೀ ಹೊರಗೆ ಕೂರುವ ಯೋಚನೆ ನಿಮಗಿದ್ದರೆ ದಯವಿಟ್ಟು ಇದನ್ನು ಓದಿ. ಜೊತೆಯಲ್ಲಿ ಮಕ್ಕಳು ಬರುತ್ತಾರೆ ಅಂತಾದರೆ ಓದಲೇಬೇಕು. ಒಂದು ಬಾಂಡ್ಲಿ ಕೆಂಡ ನಮ್ಮ ಅಕ್ಕನ ಮಗಳ ಜೀವ ತೆಗೆಯುವುದರಲ್ಲಿತ್ತು. ಅವಳಿಗೆ ಆಗ 11 ವರ್ಷ.

ಅದು 2023ರ ಡಿಸೆಂಬರ್ 14ರ ರಾತ್ರಿ. ಅಮಾವಾಸ್ಯೆ ಕಳೆದು ಎರಡೇ ದಿನ. ಎಳೆ ಚಂದ್ರ ಬೇಗ ಮುಳುಗಿದ್ದ. ಜೆಮಿನಿಡ್ ಉಲ್ಕೆಗಳು ಜೋರಾಗಿ ಬೀಳುವ ರಾತ್ರಿಯೂ ಅದೇ. ಇದಕ್ಕಿಂತ ಒಳ್ಳೆಯ ರಾತ್ರಿ ಸಿಗಲಿಕ್ಕಿಲ್ಲ ಅಂತ ನಾನು ಮೂಡಿಗೆರೆ ಕಡೆಯ ಅಕ್ಕನ ಮನೆಗೆ ಹೋಗಿದ್ದೆ. ಅವರ ಕಾಫಿ ಕಣದಲ್ಲಿ ನಿಂತರೆ ಸುತ್ತ ಮರಗಳ ಅಡ್ಡಿ ಇಲ್ಲ, ಮೇಲೆ ಪೂರ್ತಿ ಆಕಾಶ. ಒಂದು ಬೀದಿದೀಪವೂ ಕಾಣುವುದಿಲ್ಲ.

ಹತ್ತು ಗಂಟೆಗೆ ಭಾವ, ಪುಟ್ಟಿ, ನಾನು ಮೂವರೂ ಕಣದಲ್ಲಿ ಕುರ್ಚಿ ಹಾಕಿ ಕೂತೆವು. ಉಲ್ಕೆಗೆ ಬರಿಗಣ್ಣೇ ಸಾಕು, ಎಲ್ಲಿಂದ ಎಲ್ಲಿಗೆ ಓಡುತ್ತದೋ ಗೊತ್ತಿಲ್ಲವಲ್ಲ. ನಡುನಡುವೆ ನನ್ನ 10x50 ಬೈನಾಕ್ಯುಲರ್ ಕೈಯಿಂದ ಕೈಗೆ ಹೋಗುತ್ತಿತ್ತು. ಕೃತ್ತಿಕೆಯಲ್ಲಿ ಬರಿಗಣ್ಣಿಗೆ ಆರು ಎಣಿಸಿದ ಪುಟ್ಟಿ, ಬೈನಾಕ್ಯುಲರಿನಲ್ಲಿ ಎಣಿಸಲಾಗದೆ ಬಿಟ್ಟಳು. ಗುರುವಿನ ಪಕ್ಕ ಚುಕ್ಕಿಗಳ ಹಾಗೆ ನಿಂತ ಅದರ ಚಂದ್ರಗಳನ್ನು ತಾನೇ ಕಂಡುಹಿಡಿದಳು. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಕತ್ತಿಯಲ್ಲಿರುವ ಆ ಮಸುಕು ಬೆಳಕು ನಮ್ಮಿಂದ ಸುಮಾರು 1,300 ಜ್ಯೋತಿರ್ವರ್ಷ ದೂರ, ಅಲ್ಲಿ ಈಗಲೂ ಹೊಸ ನಕ್ಷತ್ರ ಹುಟ್ಟುತ್ತಿವೆ ಅಂದೆ. ಅವಳು ಬಹಳ ಹೊತ್ತು ಅದನ್ನು ಬಿಟ್ಟು ಕಣ್ಣು ತೆಗೆಯಲಿಲ್ಲ.

ಹನ್ನೆರಡೂವರೆ ಹೊತ್ತಿಗೆ ಬೈನಾಕ್ಯುಲರಿನಲ್ಲಿ ಎಲ್ಲವೂ ಮಬ್ಬಾಯಿತು. ಟಾರ್ಚ್ ಹಿಡಿದು ನೋಡಿದರೆ ಮುಂದಿನ ಗಾಜುಗಳ ಮೇಲೆ ಇಬ್ಬನಿ, ಉಸಿರು ಊದಿದ ಹಾಗೆ ಬೆಳ್ಳಗೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಗಾಜು ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಗಾಳಿಯ ಪಸೆ ಅದರ ಮೇಲೆ ಕೂರುತ್ತದೆ. ಕಾಫಿಗೆ ಇಬ್ಬನಿ ತಾಗಬಾರದು ಅಂತ ಸಂಜೆಯೇ ರಾಶಿ ಮಾಡಿ ಟಾರ್ಪಾಲು ಹೊದಿಸಿದ್ದರು. ನಾವು ಮಾತ್ರ ಬಯಲಿನಲ್ಲಿ ಕೂತಿದ್ದೆವು. ಮೊಬೈಲ್ 13 ಡಿಗ್ರಿ ತೋರಿಸುತ್ತಿತ್ತು. ಓಡಾಡುವವರಿಗೆ ಅದು ಅಂಥ ಚಳಿ ಅಲ್ಲ. ಆದರೆ ಎರಡೂವರೆ ಗಂಟೆ ಅಲುಗಾಡದೆ ಕೂತವರಿಗೆ ಪಾದದಿಂದ ಚಳಿ ಹತ್ತುತ್ತದೆ.

ಕಣದ ಮೂಲೆಯಲ್ಲಿ ಕಾವಲಿನವರು ಮಲಗುವ ಪುಟ್ಟ ಗುಡಿಸಲು ಇತ್ತು. ಮೇಲೆ ಜಿಂಕ್ ಶೀಟು, ಸುತ್ತ ನೀಲಿ ಟಾರ್ಪಾಲು. ಅವತ್ತು ನಾವೇ ಇರುತ್ತೇವಲ್ಲ ಅಂತ ಭಾವ ಕಾವಲಿನವರನ್ನು ಮನೆಗೆ ಕಳಿಸಿದ್ದರು. ಬಚ್ಚಲ ಒಲೆಯಿಂದ ಒಂದು ಬಾಂಡ್ಲಿ ತುಂಬ ಕೆಂಡ ತಂದು ಒಳಗಿಟ್ಟರು. ‘ಹತ್ತು ನಿಮಿಷ ಕಾಯಿಸಿಕೊಳ್ಳೋಣ, ಬೈನಾಕ್ಯುಲರ್ರೂ ಒಣಗುತ್ತೆ’ ಅಂದದ್ದು ನಾನು. ಗಾಳಿ ನುಗ್ಗದ ಹಾಗೆ ಬಾಗಿಲಿನ ಟಾರ್ಪಾಲು ಎಳೆದು ಕಲ್ಲು ಹೇರಿದ್ದೂ ನಾನೇ.

ಹೊಗೆ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಒಂಚೂರೂ ಹೊಗೆ ಇರಲಿಲ್ಲ. ವಾಸನೆ ಇಲ್ಲ, ಕಣ್ಣು ಉರಿಯಲಿಲ್ಲ, ಕೆಮ್ಮು ಬರಲಿಲ್ಲ. ಹೊಗೆ ಆರಿ ಕೆಂಪಗಾದ ಕೆಂಡದಿಂದ ಏನೂ ಆಗಲ್ಲ ಅಂತಲೇ ನಾವೆಲ್ಲ ನಂಬಿರುವುದು, ಅಲ್ವಾ? ಆದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಬರುವುದು ಆ ಕೆಂಡದಿಂದಲೇ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಹತ್ತು ನಿಮಿಷ ನಲವತ್ತಾಯಿತು. ಪುಟ್ಟಿ ‘ಮಾವ, ತಲೆ ನೋಯ್ತಿದೆ’ ಅಂದಳು. ಅಷ್ಟು ಹೊತ್ತು ಕತ್ತೆತ್ತಿ ನೋಡಿದ್ದಕ್ಕೆ ಅಂದೆ. ಹೊಟ್ಟೆ ತೊಳಸುತ್ತಿದೆ ಅಂದಳು. ರಾತ್ರಿ ಕಡಬು ಜಾಸ್ತಿ ತಿಂದಿದ್ದೀಯ ಅಂದರು ಭಾವ. ಆಮೇಲೆ ನನ್ನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದಳು. ಒಂದೂವರೆ ಗಂಟೆ ರಾತ್ರಿ, ಮಗು ನಿದ್ದೆ ಹೋಗುವುದು ಸಹಜ ಅಂದುಕೊಂಡೆ. ನನ್ನ ತಲೆಯೂ ಭಾರವಾಗಿತ್ತು, ಅದು ನಿದ್ದೆಗೆಟ್ಟದ್ದಕ್ಕೆ ಅಂದುಕೊಂಡೆ.

ನೀವು ನೆನಪಿಟ್ಟುಕೊಳ್ಳಬೇಕಾದದ್ದು ಇದನ್ನೇ. ಈ ವಿಷಗಾಳಿಯ ಪ್ರತಿಯೊಂದು ಲಕ್ಷಣಕ್ಕೂ ನಕ್ಷತ್ರ ನೋಡುವವರ ಹತ್ತಿರ ಒಂದು ಸುಲಭದ ಕಾರಣ ಇರುತ್ತದೆ. ತಲೆನೋವಿಗೆ ಕತ್ತು, ಮಂಪರಿಗೆ ನಿದ್ದೆ, ಸುಸ್ತಿಗೆ ಚಳಿ, ವಾಂತಿಗೆ ಊಟ. ಒಂದೊಂದಾಗಿ ನೋಡಿದರೆ ಯಾವುದೂ ಹೆದರಿಸುವುದಿಲ್ಲ. ಮೂವರಿಗೂ ಒಟ್ಟಿಗೆ ತಲೆ ಭಾರವಾದದ್ದು ಯಾಕೆ ಅಂತ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳುವ ತಲೆಯೇ ಆಗ ಮಂಕಾಗಿತ್ತು.

ಭಾವ ಮೂತ್ರಕ್ಕೆಂದು ಎದ್ದರು. ಕಾಲು ನಿಲ್ಲಲಿಲ್ಲ. ಬಾಗಿಲಿನ ಟಾರ್ಪಾಲಿನ ಮೇಲೆಯೇ ಬಿದ್ದರು, ಅದು ಗೂಟದಿಂದ ಕಿತ್ತು ಬಂತು. ತಣ್ಣನೆ ಗಾಳಿ ಒಳಗೆ ನುಗ್ಗಿತು. ಅವರು ಬಿದ್ದದ್ದರಿಂದಲೇ ಈಗ ನಾನು ಇದನ್ನು ಬರೆಯುತ್ತಿದ್ದೇನೆ. ಪುಟ್ಟಿಯನ್ನು ಅಲುಗಾಡಿಸಿದೆ, ಕರೆದೆ. ಏಳಲಿಲ್ಲ. ನನ್ನ ಕಾಲುಗಳೂ ನೀರಾಗಿದ್ದವು. ಎತ್ತಿಕೊಳ್ಳಲಾಗದೆ ಕಂಕುಳಿಗೆ ಕೈ ಕೊಟ್ಟು ಅವಳನ್ನು ಹೊರಗೆ ಎಳೆದು ತಂದೆ. ಕಾಫಿ ರಾಶಿಯ ಮೇಲಿನ ಒದ್ದೆ ಟಾರ್ಪಾಲಿನ ಮೇಲೆ ಮಲಗಿಸಿ ಅಕ್ಕನನ್ನು ಕೂಗಿದೆ. ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಆದರೆ ನಾನು ಯಾರು ಅಂತ ಗುರುತು ಹತ್ತಲಿಲ್ಲ.

ಕೊರೊನಾ ಕಾಲದಲ್ಲಿ ತಂದ ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿತ್ತು. ಹಾಕಿ ನೋಡಿದರೆ 98. ‘ಎಲ್ಲ ಸರಿ ಇದೆ, ಮಲಗಲಿ ಬಿಡು’ ಅಂದರು ಅಕ್ಕನ ಅತ್ತೆ. ನನಗೂ ಸಮಾಧಾನವಾಗಿಬಿಟ್ಟಿತ್ತು. ಅಕ್ಕ ಮಾತ್ರ ಒಪ್ಪಲಿಲ್ಲ. ನಮ್ಮಿಬ್ಬರಿಗೂ ಸ್ಟೀರಿಂಗ್ ಹಿಡಿಯುವ ಸ್ಥಿತಿ ಇರಲಿಲ್ಲ, ಅವಳೇ ಜೀಪು ಓಡಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ಒಳಗೆ ಬೆಂಕಿ ಗಿಂಕಿ ಇಟ್ಟುಕೊಂಡಿದ್ರಾ?’ ಮೂವರಿಗೂ ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರು. ಆಕ್ಸಿಮೀಟರ್ ವಿಷಯವನ್ನು ಅವರೇ ಬಿಡಿಸಿ ಹೇಳಿದರು. ಈ ಅನಿಲ ರಕ್ತದ ಹಿಮೋಗ್ಲೋಬಿನ್ ಅನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಯಾವುದು ಕೂತಿದೆ ಅಂತ ಮನೆಯ ಆಕ್ಸಿಮೀಟರಿಗೆ ಗೊತ್ತಾಗುವುದಿಲ್ಲ, ಎರಡನ್ನೂ ಆಮ್ಲಜನಕ ಅಂತಲೇ ಲೆಕ್ಕ ಹಾಕುತ್ತದೆ. ಹಾಗಾಗಿ 98 ಅನ್ನುವ ಸಂಖ್ಯೆಯನ್ನು ನಂಬಿ ಯಾರನ್ನೂ ಮಲಗಿಸಬೇಡಿ. ಬರೀ ಗಾಳಿಯಲ್ಲಿ ಈ ಅನಿಲ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕಿನಲ್ಲಿ ಆಕ್ಸಿಜನ್ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಮಕ್ಕಳ ಉಸಿರಾಟ ನಮಗಿಂತ ಜೋರು, ಅವರಿಗೆ ಬೇಗ ಏರುತ್ತದೆ. ಅನುಮಾನ ಬಂದರೆ ಮೊದಲು ಎಲ್ಲರನ್ನೂ ಬಯಲಿಗೆ ತನ್ನಿ, ತಕ್ಷಣ 108ಕ್ಕೆ ಫೋನ್ ಮಾಡಿ.

‘ನಾವು ಬಾಣಂತಿ ಕೋಣೆಯಲ್ಲೂ ಅಗ್ಗಿಷ್ಟಿಕೆ ಇಟ್ಟವರು, ಯಾರಿಗೆ ಏನಾಗಿದೆ?’ ಅಂತ ಅತ್ತೆ ಆಮೇಲೂ ಕೇಳಿದರು. ನಿಮ್ಮ ಮನೆಯಲ್ಲೂ ಕೇಳಬಹುದು. ಅವರದು ಹೆಂಚಿನ ಮನೆ. ಹೆಂಚಿನ ಸಂದು, ಮಾಡಿನ ಸಂದು, ಎಲ್ಲ ಕಡೆಯಿಂದ ಗಾಳಿ ಆಡುತ್ತಿತ್ತು. ಟಾರ್ಪಾಲು, ಟೆಂಟು, ಕಿಟಕಿ ಏರಿಸಿದ ಕಾರು ಹಾಗಲ್ಲ. ಗಾಳಿ ಆಡುತ್ತಿದ್ದ ಮನೆಗಳಲ್ಲೂ ಅದು ಅಪಾಯವೇ ಆಗಿತ್ತು ಅಂತ ನನಗೆ ಈಗ ಅನಿಸುತ್ತದೆ.

ಬೈನಾಕ್ಯುಲರಿಗೂ ಆ ಕೆಂಡದಿಂದ ಉಪಕಾರ ಆಗಿರಲಿಲ್ಲ. ತಣ್ಣಗಿದ್ದ ಗಾಜಿನ ಮೇಲೆ ನಮ್ಮ ಮೂವರ ಉಸಿರಿನ ಪಸೆ ಕೂತು ಇನ್ನಷ್ಟು ಮಬ್ಬಾಗಿತ್ತು. ಈಗ ನಾನು ದಪ್ಪ ಕಾಗದ ಸುತ್ತಿ ಮುಂದಿನ ಗಾಜುಗಳಿಗೆ ಒಂದು ಗೇಣು ಉದ್ದದ ಕೊಳವೆ ಮಾಡಿ ಹಾಕುತ್ತೇನೆ. ನೋಡದಿರುವಾಗ ಮುಚ್ಚಳ ಹಾಕಿ ಟವೆಲ್ ಹೊದಿಸುತ್ತೇನೆ. ಆದರೂ ಇಬ್ಬನಿ ಹಿಡಿದರೆ ಶಾಲಿನಿಂದ ಒರೆಸುವುದಿಲ್ಲ, ಗಾಜಿನ ಲೇಪ ಗೀರಿಹೋಗುತ್ತದೆ. ಬೈನಾಕ್ಯುಲರ್ ಕೆಳಗಿಟ್ಟು ಬರಿಗಣ್ಣಲ್ಲಿ ನೋಡುತ್ತೇನೆ. ಕಾಲಡಿಗೆ ಮಡಿಸಿದ ಗೋಣಿಚೀಲ, ಎರಡು ಜೊತೆ ಕಾಲುಚೀಲ, ಮಂಕಿ ಕ್ಯಾಪ್, ಮೇಲೊಂದು ಕಂಬಳಿ, ಫ್ಲಾಸ್ಕಿನಲ್ಲಿ ಕಾಫಿ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಕಣದ ಸುತ್ತ ಒಂದು ಸುತ್ತು ನಡೆಯುವುದು. ಬೆಂಕಿ ಬೇಕೇ ಬೇಕು ಅಂದರೆ ಬಯಲಿನಲ್ಲಿ, ಆಕಾಶದ ಕೆಳಗೆ. ಕಣ್ಣು ಮತ್ತೆ ಕತ್ತಲಿಗೆ ಹೊಂದಲು ಅರ್ಧ ಗಂಟೆ ಹೋದರೆ ಹೋಗಲಿ.

ಪುಟ್ಟಿ ಮರುದಿನ ಸಂಜೆ ಮನೆಗೆ ಬಂದಳು. ಒಂದು ವಾರ ತಲೆನೋವು ಇತ್ತು, ಈಗ ಚೆನ್ನಾಗಿದ್ದಾಳೆ. ಭಾವ ಗುಡಿಸಲಿನ ಎರಡು ಕಡೆಯ ಟಾರ್ಪಾಲು ಬಿಚ್ಚಿಸಿದರು. ಕಾವಲಿನವರಿಗೆ ದಪ್ಪ ರಗ್ಗು ಎರಡು, ಒಂದು ಹಾಸಿಗೆ ಕೊಡಿಸಿದರು. ಅವರೂ ಚಳಿಗಾಲದಲ್ಲಿ ಅದೇ ಬಾಂಡ್ಲಿಯನ್ನು ಒಳಗಿಟ್ಟುಕೊಂಡು ಮಲಗುತ್ತಿದ್ದರು. ನಡೆದದ್ದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ‘ದಿನಾ ಬೆಳಗ್ಗೆ ತಲೆ ಸಿಡೀತಿತ್ತು ಸಾರ್. ಚಳಿಗೆ ಅಂದ್ಕೊಂಡಿದ್ದೆ.’