ಡಾಲ್ಫಿನ್ ಜೊತೆ ಈಜೋದಕ್ಕೆ ಮಾರಿಷಸ್ಸೋ, ಕೈಕೋರಾನೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೈಕೋರಾಗೆ. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ, ಕ್ರೈಸ್ಟ್‌ಚರ್ಚ್‌ನಿಂದ ಉತ್ತರಕ್ಕೆ ಸುಮಾರು 180 ಕಿ.ಮೀ. ದೂರದಲ್ಲಿರುವ ಸಣ್ಣ ಊರು ಅದು. ಮಾರಿಷಸ್‌ನ ಪಶ್ಚಿಮ ತೀರದ ಟಮರಿನ್ ಕೊಲ್ಲಿಯಲ್ಲೂ ಈಜಿದ್ದೇನೆ. ಎರಡೂ ಕಡೆ ಇರುವುದು ಕೊಳದಲ್ಲಿ ಸಾಕಿದ ಡಾಲ್ಫಿನ್ ಅಲ್ಲ, ಸಮುದ್ರದಲ್ಲೇ ಹುಟ್ಟಿ ಬೆಳೆದವು. ಅದೊಂದು ಬಿಟ್ಟರೆ ಎರಡಕ್ಕೂ ಅಜಗಜಾಂತರ.

ಲೆಕ್ಕ ಹಾಕಿ ನೋಡಿದರೆ ಮಾರಿಷಸ್ಸೇ ಗೆಲ್ಲಬೇಕು. ನೀರು ಬೆಚ್ಚಗಿರುತ್ತದೆ, ನಮ್ಮವರಿಗೆ ಮುಂಚೆಯೇ ವೀಸಾ ಮಾಡಿಸುವ ತಲೆನೋವಿಲ್ಲ, ಟ್ರಿಪ್ಪೂ ಅಗ್ಗ. ಬೆಳಿಗ್ಗೆ ಡಾಲ್ಫಿನ್, ಮಧ್ಯಾಹ್ನ ಬೆನಿಟಿಯೆ ದ್ವೀಪದಲ್ಲಿ ಊಟ, ಎಲ್ಲ ಒಂದೇ ಪ್ಯಾಕೇಜು.

ತೊಂದರೆ ಇರುವುದು ದೋಣಿಗಳದ್ದು. ಬೆಳಕು ಹರಿಯುತ್ತಿದ್ದಂತೆ ನಮ್ಮ ಸ್ಪೀಡ್‌ಬೋಟ್ ಹೊರಟಾಗ ಕೊಲ್ಲಿ ಶಾಂತವಾಗಿಯೇ ಇತ್ತು. ಮೊದಲ ರೆಕ್ಕೆ ಕಾಣಿಸಿದ್ದೇ ತಡ, ಎಲ್ಲಿದ್ದವೋ ಏನೋ, ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಬಂದು ನಿಂತಾಗ ಆಟೋದವರು ಮುತ್ತಿಕೊಳ್ಳುವ ಹಾಗೆ ದೋಣಿಗಳು ಮುತ್ತಿಕೊಂಡವು. ನಮ್ಮ ದೋಣಿಯವನು ಗುಂಪಿನ ಮುಂದಕ್ಕೆ ಓಡಿಸಿ, ಗಕ್ಕನೆ ನಿಲ್ಲಿಸಿ, 'ಹಾರಿ, ಹಾರಿ' ಎಂದು ಕೂಗುತ್ತಿದ್ದ. ಮಾಸ್ಕ್ ಸರಿಮಾಡಿಕೊಂಡು ಹಾರುವಷ್ಟರಲ್ಲಿ ಡಾಲ್ಫಿನ್‌ಗಳು ಆಳಕ್ಕೆ ಇಳಿದಿರುತ್ತಿದ್ದವು. ಕಾಣುತ್ತಿದ್ದದ್ದು ನೀರಿನ ಗುಳ್ಳೆ, ಇನ್ಯಾರದೋ ಕಾಲು. ತಕ್ಷಣ 'ಹತ್ತಿ, ಹತ್ತಿ'. ಕಾಲಿಗೆ ಕಟ್ಟಿದ ಈಜುರೆಕ್ಕೆಯ ಸಮೇತ ಆ ಕಬ್ಬಿಣದ ಏಣಿ ಹತ್ತುವುದಿದೆಯಲ್ಲ, ಮೊಣಕಾಲು ತರಚಿ ಹೋಯಿತು. ಇಂಜಿನ್ ಹೊಗೆ ಬೇರೆ ಮೂಗಿಗೆ. ಮತ್ತೆ ಓಡಿಸು, ಮತ್ತೆ ಹಾರು. ಇಡೀ ಬೆಳಿಗ್ಗೆ ಇದೇ ಆಯಿತು. ನನ್ನ ಹೆಂಡತಿ ನಡುವೆಯೇ 'ನಂಗೆ ಸಾಕಪ್ಪ, ನೀವು ಹೋಗ್ರಿ' ಎಂದು ಟವೆಲ್ ಹೊದ್ದು ಕೂತಳು.

ಟ್ರಿಪ್ ಮಾರಿದವನು ಹೇಳದ ಇನ್ನೊಂದು ವಿಷಯ ಇದೆ. ಅಲ್ಲಿ ಹೆಚ್ಚಾಗಿ ಸಿಗುವ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಯೆಲ್ಲ ಆಳ ಸಮುದ್ರದಲ್ಲಿ ಮೀನು ಹಿಡಿದು, ಬೆಳಿಗ್ಗೆ ಈ ಕೊಲ್ಲಿಗೆ ಬರುವುದೇ ಮಲಗುವುದಕ್ಕೆ. ನಾವು ಹಾರುತ್ತಿದ್ದದ್ದು ಅವುಗಳ ನಿದ್ದೆಯ ಮೇಲೆ! ಇದೇ ಕಾರಣಕ್ಕೆ ಹವಾಯಿಯಲ್ಲಿ 2021ರಿಂದ ತೀರದ ಬಳಿ ಸ್ಪಿನ್ನರ್ ಡಾಲ್ಫಿನ್‌ನ 50 ಗಜದೊಳಗೆ ಹೋಗುವ ಹಾಗಿಲ್ಲ, ಈಜುವ ಮಾತು ದೂರ.

ಕೈಕೋರಾದಲ್ಲಿರುವುದು ಡಸ್ಕಿ ಡಾಲ್ಫಿನ್. ದಡದ ಹತ್ತಿರವೇ ಸಾವಿರ ಮೀಟರಿಗೂ ಮಿಗಿಲಾದ ಆಳದ ಸಮುದ್ರ ಕಣಿವೆ ಇದೆ. ಇವೂ ರಾತ್ರಿಯೇ, ಆ ಕಣಿವೆಯ ಕಡೆ ಹೋಗಿ ಉಣ್ಣುವುದು, ಹಗಲು ದಡದ ಕಡೆಗೆ ಬಂದು ವಿಶ್ರಾಂತಿ, ಆಟ. ನೂರಾರು ಒಟ್ಟಿಗೆ ಇರುತ್ತವೆ. ಅಲ್ಲಿಯೂ ದೋಣಿಯಿಂದಲೇ ಇಳಿಯುವುದು, ಹಾರ್ನ್ ಹೊಡೆದರೆ ವಾಪಸ್ ಹತ್ತುವುದು. ಆದರೆ ಕಾನೂನು ಬಿಗಿ. ಪರ್ಮಿಟ್ ಇಲ್ಲದೆ ಯಾರೂ ಈ ವ್ಯಾಪಾರ ಮಾಡುವಂತಿಲ್ಲ, ಡಾಲ್ಫಿನ್‌ನಿಂದ 300 ಮೀಟರ್ ಒಳಗೆ ಮೂರಕ್ಕಿಂತ ಜಾಸ್ತಿ ದೋಣಿ ಇರುವಂತಿಲ್ಲ, ಮರಿಗಳಿರುವ ಗುಂಪಿನ ಬಳಿ ಈಜುವಂತಿಲ್ಲ. ಮುಟ್ಟಬೇಡಿ, ಬೆನ್ನಟ್ಟಬೇಡಿ, ಅವೇ ಬರಲಿ ಎಂದು ಹೊರಡುವ ಮುಂಚೆಯೇ ಪಾಠ ಆಗುತ್ತದೆ.

ಬರಬೇಕೆಂದರೆ ನಾವು ಸ್ವಾರಸ್ಯವಾಗಿ ಕಾಣಬೇಕಂತೆ. ಅದಕ್ಕೆ ಸ್ನಾರ್ಕೆಲ್ ಒಳಗಿಂದ ಏನಾದರೂ ಹಾಡಿ ಎಂದರು ಗೈಡ್. ಬಾಯಲ್ಲಿ ಕೊಳವೆ ಇಟ್ಟುಕೊಂಡು ಗೊತ್ತಿದ್ದ ಒಂದು ದೇವರನಾಮ ಗುನುಗಿದೆ. ಎರಡು ಡಾಲ್ಫಿನ್ ಬಂದು ನನ್ನ ಸುತ್ತಲೇ ಸುತ್ತತೊಡಗಿದವು. ನಾನು ತಿರುಗಿದರೆ ಅವೂ ತಿರುಗುತ್ತವೆ, ಒಂದು ಕಣ್ಣು ನನ್ನ ಮೇಲೇ. ಸಂಗೀತದ ಮೇಷ್ಟ್ರು ಕೂಡ ನನ್ನನ್ನು ಅಷ್ಟು ಗಮನ ಕೊಟ್ಟು ಕೇಳಿದ್ದಿಲ್ಲ.

ಇಲ್ಲೂ ಕಷ್ಟ ಇದೆ. ಬೇಸಿಗೆಯಲ್ಲೂ ನೀರು ತಣ್ಣಗೆ, ದಪ್ಪ ವೆಟ್‌ಸೂಟ್ ಹಾಕಿಕೊಳ್ಳುವುದೇ ಒಂದು ಸಾಹಸ. ಅಲೆಗೆ ವಾಂತಿ ಬರುತ್ತದೆ, ಮಾತ್ರೆ ಮೊದಲೇ ನುಂಗಿ. ಕನ್ನಡಕದವರು ನಂಬರ್ ಇರುವ ಮಾಸ್ಕ್ ಸಿಗುತ್ತದಾ ಎಂದು ಮುಂಚೆಯೇ ಕೇಳಿ, ಇಲ್ಲದಿದ್ದರೆ ಎಲ್ಲ ಮಸುಕು. ಮತ್ತೆ, ನ್ಯೂಜಿಲೆಂಡ್ ಅಂದರೆ ಎಲ್ಲ ಕಡೆ ಈಜಬಹುದು ಅಂತಲ್ಲ. ಉತ್ತರದ ಬೇ ಆಫ್ ಐಲ್ಯಾಂಡ್ಸ್‌ನಲ್ಲಿ ಬಾಟಲ್‌ನೋಸ್ ಡಾಲ್ಫಿನ್ ಜೊತೆ ಈಜುವುದನ್ನು 2019ರಲ್ಲೇ ನಿಲ್ಲಿಸಿದ್ದಾರೆ.

'ಕಾರವಾರದಲ್ಲೇ ಇದೆಯಲ್ಲ' ಎನ್ನುವವರಿಗೆ: ಇದೆ, ದೇವಬಾಗ ಕಡೆ ದೋಣಿಯಲ್ಲಿ ಹೋದರೆ ಗೂನು ಬೆನ್ನಿನ ಹಂಪ್‌ಬ್ಯಾಕ್ ಡಾಲ್ಫಿನ್ ಕಾಣುತ್ತವೆ. ಆದರೆ ಕಾಳಿ ನದಿ ಸೇರುವ ಜಾಗ, ನೀರು ಕದಡಿರುತ್ತದೆ, ಇಳಿದರೂ ಏನೂ ಕಾಣದು. ಇಳಿಯಲೂ ಬಾರದು, ನಮ್ಮ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯ ಪ್ರಾಣಿ ಅದು. ನೋಡುವುದಕ್ಕಷ್ಟೇ ಹೋಗಿ, ಚೆನ್ನಾಗಿದೆ.

ಇನ್ನು ದುಡ್ಡು. ಕೈಕೋರಾದಲ್ಲಿ ಈಜಲು ತಲೆಗೆ 200 ನ್ಯೂಜಿಲೆಂಡ್ ಡಾಲರ್ ಮೇಲೆ ಆಗುತ್ತದೆ. ಬರೀ ದೋಣಿಯಿಂದ ನೋಡುವವರಿಗೆ ಎಷ್ಟೋ ಕಡಿಮೆ. ಅದಕ್ಕೇ ನಮ್ಮ ಮನೆಯಲ್ಲಿ ನಾನೊಬ್ಬನೇ ಇಳಿದೆ, ಹೆಂಡತಿ ಮೇಲೆ ಕ್ಯಾಮೆರಾ ಹಿಡಿದಳು. ಫೋಟೋನೂ ಅವಳದ್ದೇ ಚೆನ್ನಾಗಿ ಬಂತು. ನಾನು ಶಾಪಿಂಗ್, ದೊಡ್ಡ ಹೋಟೆಲ್ಲು ಎಲ್ಲ ಬಿಡಬಲ್ಲವನು, ಹಾಗಾಗಿ ಈ ಖರ್ಚು ನನಗೆ ಭಾರವಾಗಲಿಲ್ಲ. ಚಿಕ್ಕ ಮಕ್ಕಳಿದ್ದರೆ, ಈಜು ಅಷ್ಟಕ್ಕಷ್ಟೇ ಆಗಿದ್ದರೆ ಮಾರಿಷಸ್‌ಗೇ ಹೋಗಿ, ಬೀಚ್ ಚೆನ್ನಾಗಿದೆ, ಡಾಲ್ಫಿನ್ ಟ್ರಿಪ್ ಮಾತ್ರ ಬಿಡಿ. ಕೈಕೋರಾಗೆ ಹೋಗುವವರು ಒಂದು ದಿನ ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳಿ. ಗಾಳಿ ಜೋರಾದರೆ ದೋಣಿ ಹೊರಡುವುದಿಲ್ಲ.