ಸ್ಪ್ರೇಯರ್‌ಗೆ ಮನೆಯಲ್ಲೇ ಕಟ್ಟಿದ ಲಿಥಿಯಂ ಬ್ಯಾಟರಿ: ಮೂರು ಹಂಗಾಮು ಬಳಸಿದ ಮೇಲೆ

ಬೆನ್ನಿಗೆ ಹಾಕುವ 16 ಲೀಟರ್ ಸ್ಪ್ರೇಯರ್ ಜೊತೆ ಬಂದ 12 ವೋಲ್ಟ್, 8 ಆಂಪಿಯರ್-ಅವರ್ ಲೆಡ್ ಬ್ಯಾಟರಿ ಎರಡನೇ ವರ್ಷಕ್ಕೇ ಕೈಕೊಟ್ಟಿತು. ಅದೊಂದೇ ಎರಡೂವರೆ ಕೆ.ಜಿ. ಹತ್ತಿರ ತೂಗುತ್ತಿತ್ತು. ಅದರ ಜಾಗಕ್ಕೆ ನಾನೇ ಕಟ್ಟಿದ ಲಿಥಿಯಂ ಪ್ಯಾಕ್ ಹಾಕಿ ಮೂರು ಹಂಗಾಮು ಟೊಮೆಟೊಗೆ ಔಷಧಿ ಹೊಡೆದಿದ್ದೇನೆ. ಇನ್ನೂ ಗಟ್ಟಿಯಾಗಿದೆ.

ಹಾಕಿರುವುದು 32700 ಅಳತೆಯ ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ತಲಾ 3.2 ವೋಲ್ಟ್, 6 ಆಂಪಿಯರ್-ಅವರ್. ಸಾಲಾಗಿ ಜೋಡಿಸಿದರೆ 12.8 ವೋಲ್ಟ್. ಜೊತೆಗೊಂದು 4ಎಸ್ ಬಿಎಂಎಸ್ ಬೋರ್ಡ್, ಅಂದರೆ ಸಾಲಾಗಿ ಜೋಡಿಸಿದ ನಾಲ್ಕು ಸೆಲ್ ಅತಿಯಾಗಿ ತುಂಬದಂತೆ, ಪೂರ್ತಿ ಬರಿದಾಗದಂತೆ ಕಟ್ ಮಾಡಿ ಕಾಯುವ ಬೋರ್ಡ್. ಎಲ್ಲ ಸೇರಿ ಮುಕ್ಕಾಲು ಕೆ.ಜಿ. ದಾಟಲ್ಲ. ಲ್ಯಾಪ್‌ಟಾಪ್‌ನಿಂದ ತೆಗೆದ 18650 ಸೆಲ್ (ಬೇರೆ ಥರದ ಲಿಥಿಯಂ, ತುಂಬಿದಾಗ ತಲಾ 4.2 ವೋಲ್ಟ್) ಅಗ್ಗಕ್ಕೆ ಸಿಗುತ್ತವೆ ನಿಜ. ಆದರೆ ಮೂರು ಹಾಕಿದರೆ ವೋಲ್ಟೇಜ್ ಕಮ್ಮಿ, ನಾಲ್ಕು ಹಾಕಿದರೆ ತುಂಬಿದಾಗ 16.8. ಪಂಪಿನ ಮೋಟಾರ್‌ಗೆ ಅದು ಜಾಸ್ತಿ. ಬಿಸಿಲಲ್ಲಿ ತಿರುಗುವ ಕೆಲಸಕ್ಕೆ ಫಾಸ್ಫೇಟ್ ಸೆಲ್ಲೇ ಸುರಕ್ಷಿತ.

ಬೆನ್ನು ಹಗುರಾಗಿದ್ದಕ್ಕಿಂತ ನನಗೆ ಹಿಡಿಸಿದ್ದು ಒತ್ತಡ. ಹಳೆಯದರಲ್ಲಿ ನಾಲ್ಕೈದು ಟ್ಯಾಂಕ್ ಆಗುತ್ತಿದ್ದಂತೆ ನಾಜಲ್‌ನಿಂದ ಮಂಜಿನ ಬದಲು ದಪ್ಪ ಹನಿ ಬೀಳುತ್ತಿತ್ತು, ಎಲೆ ಕೆಳಭಾಗಕ್ಕೆ ಔಷಧಿ ತಾಗುತ್ತಲೇ ಇರಲಿಲ್ಲ. ಈಗ ಮೊದಲ ಟ್ಯಾಂಕೂ ಕೊನೆಯ ಟ್ಯಾಂಕೂ ಒಂದೇ ಥರ. ಇದರದ್ದೇ ಒಂದು ತಲೆನೋವೂ ಇದೆ. ಸ್ಪ್ರೇಯರ್ ಮೇಲಿನ ಮೀಟರ್ ಹೆಚ್ಚೂಕಮ್ಮಿ ಕೊನೆವರೆಗೂ 13ರ ಆಸುಪಾಸೇ ತೋರಿಸುತ್ತದೆ. ಆಮೇಲೆ ಸಾಲಿನ ಮಧ್ಯೆ ಬಿಎಂಎಸ್ ಪಟ್ ಅಂತ ಕಟ್ ಮಾಡುತ್ತದೆ. ಅದಕ್ಕೆ ಟ್ಯಾಂಕ್ ಲೆಕ್ಕ ಇಟ್ಟುಕೊಳ್ಳುತ್ತೇನೆ, ಮೀಟರ್ ನಂಬಲ್ಲ.

ಚಾರ್ಜಿಂಗ್ ವಿಷಯದಲ್ಲಿ ಚೌಕಾಸಿ ಬೇಡ. ಲೆಡ್ ಬ್ಯಾಟರಿಯ ಹಳೇ ಚಾರ್ಜರನ್ನೇ ಚುಚ್ಚುವವರು ತುಂಬಾ ಜನ. ಅದು ಎಷ್ಟು ವೋಲ್ಟ್‌ಗೆ ನಿಲ್ಲುತ್ತದೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ, ಪ್ರತಿ ಸಲ ಬಿಎಂಎಸ್ಸೇ ಅಡ್ಡ ಬಂದು ಕಾಪಾಡಬೇಕು. ಬಿಎಂಎಸ್ ಇರೋದು ಕಡೇ ಕಾವಲಿಗೆ, ದಿನದ ಕೆಲಸಕ್ಕಲ್ಲ ಅಲ್ವಾ? 14.6 ವೋಲ್ಟ್, 2 ಆಂಪಿಯರ್‌ನ ಫಾಸ್ಫೇಟ್ ಚಾರ್ಜರನ್ನೇ ತಗೊಳ್ಳಿ. ಖಾಲಿಯಾದ ಪ್ಯಾಕ್ ಮೂರು ಗಂಟೆ ಚಿಲ್ಲರೆಗೆ ತುಂಬುತ್ತದೆ. ತೋಟದಿಂದ ಬಂದ ತಕ್ಷಣ ಬಿಸಿಯಿರುವಾಗಲೇ ಹಾಕಬೇಡಿ, ಆರಲಿ.

ಕಟ್ಟುವ ಮೊದಲು ನಾಲ್ಕೂ ಸೆಲ್ಲನ್ನು ಪ್ಯಾರಲಲ್ ಜೋಡಿಸಿ 3.65 ವೋಲ್ಟ್‌ವರೆಗೆ ಚಾರ್ಜ್ ಮಾಡಿ ಸಮ ಮಾಡಿಕೊಂಡಿದ್ದೆ. ಸಣ್ಣ ಬೋರ್ಡುಗಳು ಬ್ಯಾಲೆನ್ಸ್ ಮಾಡುವುದು ಬರೀ ಹತ್ತಾರು ಮಿಲಿಆಂಪಿಯರ್‌ಗಳಲ್ಲಿ. ದೊಡ್ಡ ವ್ಯತ್ಯಾಸವಿದ್ದರೆ ಅವು ಸರಿ ಮಾಡುವಷ್ಟರಲ್ಲಿ ಹಂಗಾಮೇ ಮುಗಿದಿರುತ್ತದೆ. ಈಗಲೂ ಹಂಗಾಮಿಗೊಮ್ಮೆ ತುಂಬಿದ ಪ್ಯಾಕಿನ ಪ್ರತಿ ಸೆಲ್ಲಿಗೂ ಮಲ್ಟಿಮೀಟರ್ ಹಿಡಿದು ನೋಡುತ್ತೇನೆ. ಕೆಲಸ ಇಲ್ಲದ ತಿಂಗಳಲ್ಲಿ ಅರ್ಧ ಚಾರ್ಜ್ ಇಟ್ಟು ವೈರ್ ಬಿಚ್ಚಿಡುತ್ತೇನೆ. ಇಲ್ಲದಿದ್ದರೆ ಆ ಮೀಟರಿನ ದೀಪವೇ ಸುಮ್ನೆ ಕುಡಿದುಬಿಡುತ್ತದೆ.

ಒಂದು ದೂರು. ಮೊದಲು ತರಿಸಿದ ಸೆಲ್‌ಗಳಲ್ಲಿ ಒಂದು 6 ಅಂತ ಬರೆದುಕೊಂಡು 4ಕ್ಕೇ ಉಸ್ಸಪ್ಪ ಅಂದಿತ್ತು. ಅಂಗಡಿಯವರು ಬದಲಾಯಿಸಿ ಕೊಟ್ಟರು, ಆದರೆ ತಿಂಗಳು ಓಡಾಡಿಸಿದರು. ಕೆಪಾಸಿಟಿ ಟೆಸ್ಟ್ ಮಾಡಿದ ಮೇಲೇ ಪ್ಯಾಕ್ ಕಟ್ಟಿ. ಹತ್ತಿರದಲ್ಲಿ ಸ್ಪಾಟ್ ವೆಲ್ಡಿಂಗ್ ಮಾಡಿಕೊಡುವವರು ಇಲ್ಲದಿದ್ದರೆ ತುದಿಗೆ ಬೋಲ್ಟ್ ಇರುವ ಸೆಲ್ಲನ್ನೇ ಕೇಳಿ ತಗೊಳ್ಳಿ. ಸೆಲ್ ಮೈಮೇಲೆ ನೇರವಾಗಿ ಸಾಲ್ಡರ್ ಇಟ್ಟರೆ ಶಾಖಕ್ಕೆ ಒಳಗೆ ಕೆಡುತ್ತದೆ.